ಹೊಳಪಿಗಿಂತ ಹಾರಾಟ ದೊಡ್ಡದು

ಕತ್ತಲಲ್ಲಿ ಡಿಸ್ಕ್ ಗಾಲ್ಫ್ ಆಡಲು ಹೊರಟವರಿಗೆ ಸಿಗುವ ಸಲಹೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಎಲ್ಲಕ್ಕಿಂತ ಚೆನ್ನಾಗಿ ಹೊಳೆಯುವ ಡಿಸ್ಕ್ ಕೊಳ್ಳಿ. ಅದನ್ನು ರಾತ್ರಿ ಆಟಕ್ಕೆಂದೇ ಬೇರೆ ಎತ್ತಿಡಿ. ಮಿಡ್‌ರೇಂಜ್ ಆದರೆ ಓವರ್‌ಸ್ಟೇಬಲ್ (ಕೊನೆಗೆ ಬಲವಾಗಿ ಎಡಕ್ಕೆ ವಾಲುವಂಥದು) ಆಗಿರುವುದನ್ನೇ ಆರಿಸಿ, ಕತ್ತಲಲ್ಲೂ ಅದು ಎಲ್ಲಿ ಬೀಳುತ್ತದೆಂದು ಗೊತ್ತಿರುತ್ತದೆ. ಈ ಮೂರೂ ಮಾತು ಕೇಳಲು ಸರಿಯೆನಿಸುತ್ತವೆ, ಮೂರೂ ಆಟಗಾರರನ್ನು ದಾರಿ ತಪ್ಪಿಸುತ್ತವೆ. ಹೊಳೆಯುವ ಮಿಡ್‌ರೇಂಜ್ ಕೊಳ್ಳುವಾಗ ಹೊಳಪನ್ನು ಎಲ್ಲಕ್ಕಿಂತ ಕೊನೆಗೆ ನೋಡಬೇಕು. ಮೊದಲು ನೋಡಬೇಕಾದದ್ದು ಅಚ್ಚು, ಆಮೇಲೆ ಕೈಯಲ್ಲಿ ಹಿಡಿದಿರುವ ಆ ಒಂದು ಡಿಸ್ಕಿನ ಆಕಾರ, ಹಿಡಿತ ಮತ್ತು ತೂಕ. ಈ ಕ್ರಮ ತಲೆಕೆಳಗಾದ್ದರಿಂದಲೇ ಎಷ್ಟೋ ಬ್ಯಾಗುಗಳಲ್ಲಿ ಚೆಂದದ ಗ್ಲೋ ಡಿಸ್ಕುಗಳು ಉಪಯೋಗಕ್ಕೆ ಬಾರದೆ ಕೂತಿವೆ.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಸರಪಳಿಗಳನ್ನು ಇಳಿಬಿಟ್ಟ ಲೋಹದ ಬ್ಯಾಸ್ಕೆಟ್ಟಿಗೆ ಆದಷ್ಟು ಕಡಿಮೆ ಎಸೆತಗಳಲ್ಲಿ ಡಿಸ್ಕ್ ಸೇರಿಸುವುದೇ ಈ ಆಟ. ಆ ಬ್ಯಾಸ್ಕೆಟ್ಟನ್ನು ರೂಪಿಸಿದವರು ಅಮೆರಿಕದ ಎಡ್ ಹೆಡ್ರಿಕ್. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಶಾಶ್ವತ ಕೋರ್ಸ್ ಸಿದ್ಧವಾಯಿತು. ಮರುವರ್ಷ ಹೆಡ್ರಿಕ್ ಅವರೇ ಆಟದ ನಿಯಮಗಳನ್ನು ನೋಡಿಕೊಳ್ಳುವ ಪಿಡಿಜಿಎ ಸಂಸ್ಥೆಯನ್ನು ಕಟ್ಟಿದರು. ಬೆಂಗಳೂರಿನ ಮೈದಾನಗಳಲ್ಲಿ ಅಲ್ಟಿಮೇಟ್ ಫ್ರಿಸ್ಬೀ ಆಡುವವರಿಗೆ 175 ಗ್ರಾಂ ತೂಕದ, 27 ಸೆಂಟಿಮೀಟರ್ ಅಗಲದ ಡಿಸ್ಕ್ ಚೆನ್ನಾಗಿ ಗೊತ್ತು. ಡಿಸ್ಕ್ ಗಾಲ್ಫಿನ ಮಿಡ್‌ರೇಂಜ್ ತೂಕದಲ್ಲಿ ಹೆಚ್ಚುಕಡಿಮೆ ಅದಕ್ಕೆ ಸಮ, ಅಗಲದಲ್ಲಿ ಮಾತ್ರ ಚಿಕ್ಕದು. ಪ್ರಸಿದ್ಧ ಮಿಡ್‌ರೇಂಜ್ ಆದ ಡಿಸ್ಕ್ರಾಫ್ಟ್ ಕಂಪನಿಯ ಬಜ್ ಅಗಲ 21.7 ಸೆಂ.ಮೀ. ಅಂಚು ಇಳಿಜಾರಾಗಿ ತೆಳುವಾಗಿರುವುದರಿಂದ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಪಟರ್ ಹತ್ತಿರಕ್ಕೆ, ಡ್ರೈವರ್ ದೂರಕ್ಕೆ, ಮಿಡ್‌ರೇಂಜ್ ನಡುವಣ ದೂರಕ್ಕೆ. ನೇರವಾಗಿ, ಹದವಾಗಿ, ಇಂಥಲ್ಲೇ ಬೀಳಬೇಕು ಅನ್ನುವಾಗ ಕೈ ಹೋಗುವುದು ಮಿಡ್‌ರೇಂಜ್ ಕಡೆಗೇ.

ರಾತ್ರಿ ಆಟ ಬರೀ ಹುಚ್ಚಲ್ಲ. ಹೆಲ್ಸಿಂಕಿಯಲ್ಲಿ ಡಿಸೆಂಬರ್ ತಿಂಗಳ ಸೂರ್ಯ ಮಧ್ಯಾಹ್ನ ಮೂರೂಕಾಲಿಗೆಲ್ಲ ಮುಳುಗುತ್ತಾನೆ. ಡಿಸ್ಕ್ ತಯಾರಿಸುವ ಲ್ಯಾಟಿಟ್ಯೂಡ್ 64 ಕಂಪನಿ ಇರುವ ಸ್ವೀಡನ್ನಿನ ಷೆಲೆಫ್ಟಿಯೊದಲ್ಲಿ ಆ ತಿಂಗಳ ಹಗಲು ನಾಲ್ಕು ತಾಸಿನ ಆಸುಪಾಸು. ಸಿಯಾಟಲ್ ಕಡೆ ಸಂಜೆ ನಾಲ್ಕೂಕಾಲು ದಾಟಿದರೆ ಕತ್ತಲೆ. ಅಲ್ಲಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರಿಗೂ ಚಳಿಗಾಲದ ವಾರದ ದಿನಗಳಲ್ಲಿ ಆಡಬೇಕೆಂದರೆ ರಾತ್ರಿಯೇ ಗತಿ. ಹಾಗಾಗಿ ಗ್ಲೋ ಡಿಸ್ಕ್ ಈ ಊರುಗಳಲ್ಲಿ ಆಟದ ಸಾಮಾನು, ಆಟಿಕೆಯಲ್ಲ. ಸಾಮಾನನ್ನು ಆರಿಸುವಾಗ ಬೇಕಾದ ವಿವೇಕವನ್ನೇ ಇದಕ್ಕೂ ಬಳಸಬೇಕು.

ಮೊದಲ ಸಲಹೆಯಿಂದಲೇ ಶುರುಮಾಡೋಣ. ಅಂಗಡಿಯವರು ಡಿಸ್ಕಿಗೆ ಟಾರ್ಚ್ ಹಿಡಿದು, ದೀಪ ಆರಿಸಿ ತೋರಿಸುತ್ತಾರೆ. ಹಸಿರು ಬೆಳಕು ಭಗ್ಗನೆ ಕಣ್ಣಿಗೆ ಹೊಡೆಯುತ್ತದೆ. ತಾಸುಗಟ್ಟಲೆ ಹೊಳೆಯುತ್ತದೆ ಎಂಬ ಭರವಸೆಯೂ ಜತೆಗೆ ಬರುತ್ತದೆ. ಇದು ಸುಳ್ಳೇನಲ್ಲ. ಹಳೆಯ ಗ್ಲೋ ವಸ್ತುಗಳಲ್ಲಿ ತಾಮ್ರ ಬೆರೆಸಿದ ಸತುವಿನ ಸಲ್ಫೈಡ್ ಇರುತ್ತಿತ್ತು. 1990ರ ದಶಕದಲ್ಲಿ ಜಪಾನಿನ ನೆಮೊಟೊ ಕಂಪನಿ ಯುರೋಪಿಯಂ ಮತ್ತು ಡಿಸ್‌ಪ್ರೋಸಿಯಂ ಬೆರೆಸಿದ ಸ್ಟ್ರಾಂಷಿಯಂ ಅಲ್ಯುಮಿನೇಟ್ ತಂದ ಮೇಲೆ ಹೊಳಪೂ ಬಾಳಿಕೆಯೂ ಸುಮಾರು ಹತ್ತು ಪಟ್ಟು ಏರಿದವು. ಬೆಳಕು ಬಿದ್ದಾಗ ಎಲೆಕ್ಟ್ರಾನುಗಳು ಹರಳಿನೊಳಗಿನ ಗುಂಡಿಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಸುತ್ತಲಿನ ಶಾಖ ಅವನ್ನು ನಿಧಾನವಾಗಿ ಹೊರದೂಡುತ್ತಾ ಹೋದಂತೆ ಬೆಳಕು ಸೋರುತ್ತದೆ.

ಆದರೆ ಆ ಸೋರಿಕೆ ಒಂದೇ ಸಮನಾಗಿರುವುದಿಲ್ಲ ಎಂಬುದನ್ನು ಅಂಗಡಿಯ ಕತ್ತಲೆ ತೋರಿಸುವುದಿಲ್ಲ. ಮೊದಲ ಕೆಲವು ನಿಮಿಷಗಳಲ್ಲೇ ಹೊಳಪಿನ ದೊಡ್ಡ ಪಾಲು ಹೋಗಿಬಿಡುತ್ತದೆ. ಅಂದಾಜು ಲೆಕ್ಕ ಹೇಳಬೇಕೆಂದರೆ, ಚಾರ್ಜ್ ಆಗಿ ಕಳೆದ ಹೊತ್ತು ಇಮ್ಮಡಿಯಾದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಇದರ ಅರ್ಥವನ್ನು ಸ್ವಲ್ಪ ಯೋಚಿಸಿ. ಎರಡು ಪಟ್ಟು ಹೊಳೆಯುವ ದುಬಾರಿ ಡಿಸ್ಕಿಗೆ ಟಾರ್ಚ್ ಹಿಡಿದು ಎರಡು ನಿಮಿಷವಾಗಿದ್ದರೆ, ಒಂದೇ ನಿಮಿಷದ ಹಿಂದೆ ಟಾರ್ಚ್ ಕಂಡ ಸಾಧಾರಣ ಡಿಸ್ಕ್ ಅದಕ್ಕೆ ಸಮ. ಇಷ್ಟೆಲ್ಲ ಹಣ ಕೊಟ್ಟು ಪಡೆದ ಹೆಚ್ಚುಗಾರಿಕೆಯ ಬೆಲೆ ಒಂದು ನಿಮಿಷ.

ಆಟಕ್ಕಾದರೂ ಎಷ್ಟು ಹೊತ್ತಿನ ಬೆಳಕು ಬೇಕು? ಪಿಡಿಜಿಎ ನಿಯಮದಲ್ಲಿ ಸರದಿ ಬಂದ ಆಟಗಾರನಿಗೆ ಎಸೆಯಲು 30 ಸೆಕೆಂಡ್ ಇದೆ. ಮಿಡ್‌ರೇಂಜ್ ಗಾಳಿಯಲ್ಲಿರುವುದು ನಾಲ್ಕೈದು ಸೆಕೆಂಡ್. ಬಿದ್ದ ಡಿಸ್ಕನ್ನು ಹುಡುಕಲು ಮೂರು ನಿಮಿಷ. ಅಷ್ಟರಲ್ಲಿ ಸಿಗದಿದ್ದರೆ ಕಳೆದುಹೋಯಿತೆಂದು ಲೆಕ್ಕ, ಒಂದು ಎಸೆತದ ದಂಡ. ನಡೆದು ಹೋಗುವ ಹೊತ್ತನ್ನೂ ಸೇರಿಸಿದರೆ ಐದಾರು ನಿಮಿಷ ಕಾಣಿಸಿದರೆ ಬೇಕಾದಷ್ಟಾಯಿತು. ಸ್ಟ್ರಾಂಷಿಯಂ ಅಲ್ಯುಮಿನೇಟ್ ಇರುವ ಯಾವ ಡಿಸ್ಕೇ ಆದರೂ ಇಷ್ಟು ಹೊತ್ತು ಕಾಣಿಸುತ್ತದೆ. ಹಾಗಿರುವಾಗ ತಾಸುಗಳ ಲೆಕ್ಕ ಹಿಡಿದು ಆರಿಸುವುದರಲ್ಲಿ ಏನು ಅರ್ಥ?

ಹೊಳಪಿಗೇ ಹಣ ಹಾಕುವುದಾದರೆ ಟಾರ್ಚಿಗೆ ಹಾಕಿ. 365 ನ್ಯಾನೊಮೀಟರ್ ತರಂಗಾಂತರದ ಒಂದು ಒಳ್ಳೆಯ ಅಲ್ಟ್ರಾವಯಲೆಟ್ ಟಾರ್ಚ್ ಬ್ಯಾಗಿನ ಎಲ್ಲ ಡಿಸ್ಕುಗಳಿಗೂ ಆಗುತ್ತದೆ, ವರ್ಷಗಟ್ಟಲೆ ಬರುತ್ತದೆ. ಅಗ್ಗವಾಗಿ ಸಿಗುವ 395ರದ್ದೂ ಕೆಲಸ ಮಾಡುತ್ತದೆ. ಟೀ (ಎಸೆತ ಶುರುಮಾಡುವ ಜಾಗ) ಮೇಲೆ ಡಿಸ್ಕನ್ನು ತಲೆಕೆಳಗಾಗಿ ಹಿಡಿದು, ಟಾರ್ಚನ್ನು ಗೇಣು ದೂರದಲ್ಲಿಟ್ಟು ಒಳಮೈಯ ಮೇಲೆ ನಿಧಾನವಾಗಿ ಸುತ್ತಾಡಿಸಿ. ಆಮೇಲೆ ಮೇಲ್ಮೈ, ಕೊನೆಗೆ ಅಂಚಿನ ಸುತ್ತ. ಹತ್ತು ಹದಿನೈದು ಸೆಕೆಂಡಿನ ಕೆಲಸ. ಹೆಚ್ಚಿನವರು ಮೇಲ್ಮೈಗೆ ಒಮ್ಮೆ ಬೆಳಕು ತೋರಿಸಿ ಬಿಡುತ್ತಾರೆ. ಎಸೆದ ಡಿಸ್ಕ್ ನಿಮ್ಮಿಂದ ದೂರ ಸಾಗುವಾಗ ಕಣ್ಣಿಗೆ ಬೀಳುವುದು ಬಹುಪಾಲು ಅದರ ಅಂಚು ಮತ್ತು ತಳ ಎಂಬುದು ಅವರ ಗಮನಕ್ಕೆ ಬಂದಿರುವುದಿಲ್ಲ. ಒಂದು ಎಚ್ಚರಿಕೆಯೂ ಇದೆ. 365ರ ಬೆಳಕು ಕಣ್ಣಿಗೆ ಹೆಚ್ಚು ಕಾಣಿಸದ ಕಾರಣ ಪಾಪೆ ಕಿರಿದಾಗುವುದಿಲ್ಲ. ಟಾರ್ಚನ್ನು ಯಾರ ಮುಖದತ್ತಲೂ ತಿರುಗಿಸಬೇಡಿ.

ಹೊಳಪಿನ ಮಾತು ಮುಗಿಸುವ ಮುನ್ನ ಬಣ್ಣದ ವಿಷಯ. ನೀಲಿ, ಗುಲಾಬಿ, ಕೇಸರಿ ಗ್ಲೋ ಡಿಸ್ಕುಗಳು ಹಗಲಲ್ಲಿ ಚೆಂದ. ರಾತ್ರಿಗೆ ತಿಳಿಹಸಿರಿನದ್ದೇ ಮೇಲು. ಸ್ಟ್ರಾಂಷಿಯಂ ಅಲ್ಯುಮಿನೇಟ್ ಬೆಳಕಿನ ಶಿಖರ 520 ನ್ಯಾನೊಮೀಟರಿನ ಹತ್ತಿರ, ಕತ್ತಲಿಗೆ ಒಗ್ಗಿದ ಮನುಷ್ಯನ ಕಣ್ಣು ಎಲ್ಲಕ್ಕಿಂತ ಚುರುಕಾಗಿರುವುದು 507ರ ಹತ್ತಿರ. ಎರಡೂ ಅಕ್ಕಪಕ್ಕದಲ್ಲಿವೆ. ಪ್ಲಾಸ್ಟಿಕ್ಕಿಗೆ ಬೇರೆ ಬಣ್ಣ ಬೆರೆಸಿದಷ್ಟೂ ಅದು ಒಳಹೋಗುವ ಬೆಳಕನ್ನೂ ಹೊರಬರುವ ಬೆಳಕನ್ನೂ ನುಂಗುತ್ತದೆ. ಚಳಿ ಹೆಚ್ಚಾದರೆ ಎಲ್ಲ ಗ್ಲೋ ಡಿಸ್ಕುಗಳೂ ಮಂಕಾಗುತ್ತವೆ, ಏಕೆಂದರೆ ಎಲೆಕ್ಟ್ರಾನುಗಳನ್ನು ಹೊರದೂಡಬೇಕಾದ ಶಾಖವೇ ಕಡಿಮೆ. ಹೊಳಪಿನ ಬಗ್ಗೆ ಕೊಳ್ಳುವವರು ತಿಳಿದಿರಬೇಕಾದದ್ದು ಇಷ್ಟೇ.

ಈಗ ಓವರ್‌ಸ್ಟೇಬಲ್ ಸಲಹೆಗೆ ಬರೋಣ. ಡಿಸ್ಕಿನ ಮೇಲೆ ನಾಲ್ಕು ಅಂಕಿಗಳಿರುತ್ತವೆ: ವೇಗ, ತೇಲುವಿಕೆ, ಹಾರಾಟದ ಆರಂಭದಲ್ಲಿ ಬಲಕ್ಕೆ ಹೊರಳುವ ಗುಣ, ಕೊನೆಯಲ್ಲಿ ಎಡಕ್ಕೆ ವಾಲುವ ಗುಣ. ಬಲಗೈ ಬ್ಯಾಕ್‌ಹ್ಯಾಂಡ್ ಎಸೆತಕ್ಕೆ ಅನ್ವಯಿಸುವ ಲೆಕ್ಕ ಇದು. ಬಜ್ ಅಂಕಿಗಳು 5, 4, -1, 1. ಇನೋವಾ ಕಂಪನಿಯ ಮಾಕೊ3 ಅಂಕಿಗಳು 5, 5, 0, 0. ಎರಡೂ ಬಹುಮಟ್ಟಿಗೆ ನೇರ ಹೋಗುವಂಥವು. ಅದೇ ಇನೋವಾದ ಗೇಟರ್ 5, 2, 0, 3: ಕಡಿಮೆ ತೇಲಿ, ಕೊನೆಗೆ ಬಲವಾಗಿ ಎಡಕ್ಕೆ ಕುಸಿಯುತ್ತದೆ. ಕತ್ತಲಲ್ಲಿ ಗೇಟರ್‌ನಂಥದ್ದೇ ಸುರಕ್ಷಿತ ಎನ್ನುವವರ ತರ್ಕ ಸರಳ. ಅದು ಎಂದೂ ಬಲಕ್ಕೆ ಉರುಳಿ ಓಡಿಹೋಗುವುದಿಲ್ಲ, ಎಡಗಡೆ ಹುಡುಕಿದರೆ ಸಿಗುತ್ತದೆ.

ಈ ತರ್ಕ ಎಸೆಯುವವನ ಮೈಯನ್ನೇ ಮರೆತಿದೆ. ರಾತ್ರಿ ಟೀ ಮೇಲೆ ನಿಂತವನಿಗೆ ಕಾಲ ಕೆಳಗಿನ ಬೇರು, ಒದ್ದೆ ಎಲೆ, ಸಿಮೆಂಟಿನ ಅಂಚು ಸರಿಯಾಗಿ ಕಾಣುವುದಿಲ್ಲ. ಓಟದ ಮೂರ್ನಾಲ್ಕು ಹೆಜ್ಜೆ ತಾನಾಗಿಯೇ ಒಂದಕ್ಕೆ ಇಳಿಯುತ್ತದೆ, ಎಷ್ಟೋ ಸಲ ನಿಂತಲ್ಲಿಂದಲೇ ಎಸೆಯಬೇಕಾಗುತ್ತದೆ. ಚಳಿಗೆ ಭುಜ ಬಿಗಿದಿರುತ್ತದೆ, ಬೆರಳು ಮರಗಟ್ಟಿರುತ್ತವೆ. ಇವೆಲ್ಲ ಸೇರಿ ಎಸೆತದ ವೇಗ ತಗ್ಗುತ್ತದೆ. ಓವರ್‌ಸ್ಟೇಬಲ್ ಡಿಸ್ಕ್ ನೇರವಾಗಿ ಹೋಗಬೇಕಾದರೆ ಬೇಕಾದದ್ದೇ ಆ ವೇಗ. ಅದು ಸಿಗದಿದ್ದರೆ ಅರ್ಧ ದಾರಿಯಲ್ಲೇ ಎಡಕ್ಕೆ ಮುಗ್ಗರಿಸುತ್ತದೆ, ಅಂಚಿನ ಮೇಲೆ ಬಿದ್ದು ಜಾರುತ್ತಾ ಪೊದೆ ಸೇರುತ್ತದೆ. ಗಾಳಿಯ ಲೆಕ್ಕವೂ ಆ ತರ್ಕದ ಪರವಾಗಿಲ್ಲ. ಸೂರ್ಯ ಮುಳುಗಿ ನೆಲ ತಣ್ಣಗಾದಂತೆ ನೆಲದ ಹತ್ತಿರದ ಗಾಳಿ ಸಾಮಾನ್ಯವಾಗಿ ತಗ್ಗುತ್ತದೆ. ಎದುರುಗಾಳಿಯನ್ನು ಎದುರಿಸಲು ಓವರ್‌ಸ್ಟೇಬಲ್ ಬೇಕು ಎಂಬ ಕಾರಣ ಹೆಚ್ಚಿನ ರಾತ್ರಿಗಳಲ್ಲಿ ಇರುವುದೇ ಇಲ್ಲ. ಕಡಲತೀರದ ಕೋರ್ಸು, ಗುಡ್ಡದ ನೆತ್ತಿಯ ಕೋರ್ಸುಗಳ ಮಾತು ಬೇರೆ, ಅಲ್ಲಿ ಅದಕ್ಕೊಂದು ಜಾಗ ಇದೆ. ಸಾಧಾರಣ ಕಾಡಿನ ಕೋರ್ಸಿನಲ್ಲಿ, ಸಾಧಾರಣ ಬಲದ ಕೈಗೆ, ನಿಧಾನವಾಗಿ ಎಸೆದರೂ ಮುಂದಕ್ಕೆ ತೇಲುವ ನೇರ ಮಿಡ್‌ರೇಂಜೇ ಹಿತ.

ಆದರೆ ಗ್ಲೋ ಪ್ಲಾಸ್ಟಿಕ್ ಎಂದರೇನೇ ಹೆಚ್ಚು ಓವರ್‌ಸ್ಟೇಬಲ್ ಎಂಬ ಮಾತೂ ಚಾಲ್ತಿಯಲ್ಲಿದೆ. ಅದರಲ್ಲಿ ಅರ್ಧ ಸತ್ಯವಿದೆ. ಹೊಳೆಯುವ ಪುಡಿ ಹರಳಿನ ಕಣಗಳಿಂದಾದದ್ದು, ಪ್ಲಾಸ್ಟಿಕ್ಕಿಗಿಂತ ಎಷ್ಟೋ ಭಾರ, ಕಲ್ಲಿನಂತೆ ಗಡಸು. ಅದು ಬೆರೆತ ಪ್ಲಾಸ್ಟಿಕ್ ಹೆಚ್ಚು ಬಿಗಿಯಾಗುತ್ತದೆ, ಅಚ್ಚಿನಿಂದ ಹೊರಬಂದು ತಣ್ಣಗಾಗುವಾಗ ಬೇರೆ ಪ್ರಮಾಣದಲ್ಲಿ ಕುಗ್ಗುತ್ತದೆ. ಆ ಕುಗ್ಗುವಿಕೆ ಡಿಸ್ಕಿನ ನೆತ್ತಿ ಎಷ್ಟು ಉಬ್ಬುತ್ತದೆ, ಅಂಚಿನ ಮೂಗು ಎಷ್ಟು ಎತ್ತರದಲ್ಲಿ ನಿಲ್ಲುತ್ತದೆ ಎಂಬುದನ್ನು ಬದಲಿಸುತ್ತದೆ. ಮೂಗು ಎತ್ತರವಾದಷ್ಟೂ ಡಿಸ್ಕ್ ಓವರ್‌ಸ್ಟೇಬಲ್ ಕಡೆಗೆ ವಾಲುತ್ತದೆ. ಆದರೆ ಈ ಬದಲಾವಣೆ ಎಲ್ಲ ಕಂತಿನಲ್ಲೂ ಒಂದೇ ಅಲ್ಲ. ಒಂದೇ ಹೆಸರಿನ ಎರಡು ಗ್ಲೋ ಡಿಸ್ಕುಗಳು ಎರಡು ಸ್ವಭಾವದವಾಗಿರಬಹುದು. ಹಾಗಾಗಿ ಡಿಸ್ಕಿನ ಮೇಲಿನ ಅಂಕಿಯನ್ನಾಗಲಿ, ಗ್ಲೋ ಹೀಗೇ ಎಂಬ ನಂಬಿಕೆಯನ್ನಾಗಲಿ ಆಧಾರ ಮಾಡಿಕೊಳ್ಳದೆ ಎದುರಿಗಿರುವ ಡಿಸ್ಕನ್ನೇ ನೋಡಬೇಕು.

ನೋಡುವ ಬಗೆ ಹೀಗೆ. ಹಗಲಲ್ಲಿ ನೀವು ಎಸೆಯುವ ಮಿಡ್‌ರೇಂಜನ್ನು ಅಂಗಡಿಗೆ ಒಯ್ಯಿರಿ. ಸಮತಟ್ಟಾದ ಕೌಂಟರಿನ ಮೇಲೆ ಅದನ್ನೂ, ಅದೇ ಅಚ್ಚಿನ ಗ್ಲೋ ಡಿಸ್ಕನ್ನೂ ಅಂಚಿಗೆ ಅಂಚು ತಾಗಿಸಿ ಇಡಿ. ಕಣ್ಣನ್ನು ಕೌಂಟರಿನ ಮಟ್ಟಕ್ಕೆ ತಂದು ನೋಡಿದರೆ ಎರಡರ ಮೂಗುಗಳು ಮುಟ್ಟುವ ಜಾಗದಲ್ಲಿ ಯಾವುದು ಮೇಲಿದೆ, ಯಾವುದು ಕೆಳಗಿದೆ ಎಂದು ಕಾಣುತ್ತದೆ. ಉಗುರಿನ ದಪ್ಪದಷ್ಟು ವ್ಯತ್ಯಾಸವಿದ್ದರೂ ಹಾರಾಟದಲ್ಲಿ ಗೊತ್ತಾಗುತ್ತದೆ. ಆಮೇಲೆ ಎರಡೂ ಹೆಬ್ಬೆರಳನ್ನು ನೆತ್ತಿಯ ನಡುವೆ ಇಟ್ಟು ಒತ್ತಿ. ಉಬ್ಬಿದೆಯೇ, ಚಪ್ಪಟೆಯೇ, ಒತ್ತಿದಾಗ ಪಟ್ ಎಂದು ಒಳಗೆ ಹೋಗಿ ಮತ್ತೆ ಎದ್ದು ಬರುತ್ತದೆಯೇ? ಅಂಚಿನ ಒಳಬದಿಗೆ ಬೆರಳು ಓಡಿಸಿ. ಅಚ್ಚಿನ ಗೆರೆ ಚರ್ಮಕ್ಕೆ ಕಚ್ಚುವಷ್ಟು ಚೂಪಾಗಿದ್ದರೆ ಚಳಿಗೆ ಒಣಗಿದ ಬೆರಳಿಗೆ ಅದೇ ದೊಡ್ಡ ಉಪದ್ರವ. ಬಜ್ ಅಂಚಿನ ದಪ್ಪ 1.2 ಸೆಂ.ಮೀ. ಮಾತ್ರ, ದೂರದ ಡ್ರೈವರುಗಳದ್ದು 2 ದಾಟುತ್ತದೆ. ಮರಗಟ್ಟಿದ ಕೈಗೂ ಮಿಡ್‌ರೇಂಜ್ ಸುಲಭವಾಗಿ ಸಿಗುವುದು ಈ ಕಿರಿದಾದ ಅಂಚಿನಿಂದ. ಆ ಅನುಕೂಲವನ್ನು ಕೆಟ್ಟ ಗೆರೆಯಿಂದ ಕಳೆದುಕೊಳ್ಳಬಾರದು.

ಪ್ಲಾಸ್ಟಿಕ್ಕಿನ ದರ್ಜೆಯ ವಿಚಾರದಲ್ಲೂ ದುಬಾರಿಯದ್ದೇ ಒಳ್ಳೆಯದು ಎಂಬ ಮಾತನ್ನು ಹಾಗೇ ಒಪ್ಪಬೇಕಿಲ್ಲ. ಇನೋವಾದ ಚಾಂಪಿಯನ್ ಗ್ಲೋ ಮರಕ್ಕೆ ಎಷ್ಟು ಬಡಿದರೂ ಜಗ್ಗುವುದಿಲ್ಲ, ನಿಜ. ಆದರೆ ಇಬ್ಬನಿ ಬಿದ್ದ ರಾತ್ರಿ ಅದರ ನುಣುಪು ಮೈ ಕೈಯಿಂದ ಜಾರುತ್ತದೆ. ಅದೇ ಕಂಪನಿಯ ಅಗ್ಗದ ಡಿಎಕ್ಸ್ ಗ್ಲೋ ಬೇಗ ಸವೆಯುತ್ತದೆ, ಆದರೆ ಕೈಗೆ ಕಚ್ಚಿಕೊಂಡು ಕೂರುತ್ತದೆ. ಮರಗಳೇ ತುಂಬಿದ ಕೋರ್ಸಾದರೆ ಗಟ್ಟಿ ಪ್ಲಾಸ್ಟಿಕ್, ಬಯಲಿನ ಕೋರ್ಸು ಮತ್ತು ತೇವದ ಹವೆಯಾದರೆ ಹಿಡಿತವಿರುವ ಪ್ಲಾಸ್ಟಿಕ್. ನೀವು ಆಡುವ ಜಾಗವೇ ಇದನ್ನು ತೀರ್ಮಾನಿಸಬೇಕು. ಏನೇ ಕೊಂಡರೂ ಬ್ಯಾಗಿನಲ್ಲಿ ಎರಡು ಒಣ ಟವೆಲ್ ಇರಲಿ.

ತೂಕದ ಬಗ್ಗೆಯೂ ಒಂದು ಮಾತು. ಡಿಸ್ಕಿನ ಅಗಲದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ ಮೀರಬಾರದು ಎಂಬುದು ಪಿಡಿಜಿಎ ಮಿತಿ. ಬಜ್‌ಗೆ ಅದು 180 ಗ್ರಾಂ ಆಗುತ್ತದೆ. ಭಾರದ ಪುಡಿ ಬೆರೆತಿರುವ ಗ್ಲೋ ಡಿಸ್ಕುಗಳಲ್ಲಿ ಮಿತಿಯ ಅಂಚಿನ ತೂಕದವೇ ಹೆಚ್ಚು ಸಿಗುತ್ತವೆ, ಭಾರವಾದದ್ದೇ ವಾಸಿ ಎಂಬ ಮಾತೂ ಜತೆಗೇ ಬರುತ್ತದೆ. ಗಾಳಿಯಿಲ್ಲದ ರಾತ್ರಿ, ನಿಧಾನದ ಎಸೆತ. ಇಂಥಲ್ಲಿ ನಿಮ್ಮ ಹಗಲಿನ ಡಿಸ್ಕಿಗಿಂತ ಐದಾರು ಗ್ರಾಂ ಹೆಚ್ಚಿರುವುದನ್ನು ಹೊರುವುದರಿಂದ ಲಾಭವಿಲ್ಲ. ಹಗಲಿನದರಷ್ಟೇ ಅಥವಾ ಒಂದೆರಡು ಗ್ರಾಂ ಕಡಿಮೆ ಇರುವುದನ್ನು ಹುಡುಕಿ.

ಇನ್ನು ಉಳಿದದ್ದು ರಾತ್ರಿಗೆ ಬೇರೆ ಡಿಸ್ಕ್ ಎಂಬ ಮಾತು. ಮೂರರಲ್ಲಿ ಇದೇ ಹೆಚ್ಚು ಹಾನಿಕರ ಎಂದು ನನ್ನ ಅಭಿಪ್ರಾಯ. ಕ್ರಿಕೆಟ್ಟಿನ ಹಗಲು-ರಾತ್ರಿ ಟೆಸ್ಟ್ ನೆನಪಿಸಿಕೊಳ್ಳಿ. 2015ರಲ್ಲಿ ಅಡಿಲೇಡಿನಲ್ಲಿ ಶುರುವಾದ ಈ ಆಟ 2019ರಲ್ಲಿ ಕೋಲ್ಕತ್ತಕ್ಕೂ 2022ರಲ್ಲಿ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣಕ್ಕೂ ಬಂತು. ದೀಪದ ಬೆಳಕಲ್ಲಿ ಕಾಣಲೆಂದು ಚೆಂಡಿಗೆ ಗುಲಾಬಿ ಬಣ್ಣ ಕೊಟ್ಟರು, ಆ ಬಣ್ಣ ನಿಲ್ಲಲೆಂದು ಮೆರುಗು ಹೆಚ್ಚಿಸಿದರು, ಚೆಂಡಿನ ವರ್ತನೆಯೇ ಬೇರೆಯಾಯಿತು. ಆಟಗಾರರು ಪಂದ್ಯಕ್ಕೆ ಮುಂಚೆ ಅದರಲ್ಲಿ ಅಭ್ಯಾಸ ಮಾಡಿಯೇ ಇಳಿಯುತ್ತಾರೆ. ಕಾಣಿಸಲೆಂದು ಮಾಡಿದ ಬದಲಾವಣೆ ಆಟವನ್ನೂ ಬದಲಿಸುತ್ತದೆ ಎಂದು ಅವರಿಗೆ ಗೊತ್ತು. ಡಿಸ್ಕ್ ಗಾಲ್ಫಿನವರು ಮಾತ್ರ ಗ್ಲೋ ಡಿಸ್ಕನ್ನು ಕತ್ತಲಾದ ಮೇಲೇ ಮೊದಲ ಸಲ ಕೈಗೆ ತಗೊಳ್ಳುತ್ತಾರೆ.

ಕತ್ತಲು ಕಲಿಯುವುದಕ್ಕೆ ತೀರಾ ಕೆಟ್ಟ ಹೊತ್ತು. ಹಗಲಲ್ಲಿ ಡಿಸ್ಕ್ ಕೈಬಿಟ್ಟ ಗಳಿಗೆಯಿಂದಲೇ ಅದರ ಓರೆ, ಎತ್ತರ, ಹೊರಳು ಎಲ್ಲ ಕಾಣುತ್ತವೆ, ತಪ್ಪಾಗಿದ್ದರೆ ಎಲ್ಲಿ ತಪ್ಪಾಯಿತೆಂದು ತಿಳಿಯುತ್ತದೆ. ರಾತ್ರಿ ಕಾಣುವುದು ಒಂದು ಹಸಿರು ಬಿಲ್ಲೆ ಮಾತ್ರ. ಹಿನ್ನೆಲೆಯಲ್ಲಿ ಮರವಿಲ್ಲ, ನೆಲವಿಲ್ಲ, ಹಾಗಾಗಿ ದೂರದ ಅಂದಾಜೇ ಸಿಗುವುದಿಲ್ಲ. ಬಿಲ್ಲೆ ಎಡಕ್ಕೆ ಸರಿದರೆ ಅದು ಡಿಸ್ಕಿನ ಸ್ವಭಾವವೋ ಕೈಯ ತಪ್ಪೋ ಹೇಳಲಾಗದು. ಹೀಗಿರುವಾಗ ಅದರ ಹಾರಾಟ ಮೊದಲೇ ಮೈಗೂಡಿರಬೇಕು. ಕಣ್ಣು ಹೇಳಲಾರದ್ದನ್ನು ಆಗ ಕೈಯ ರೂಢಿ ಹೇಳುತ್ತದೆ: ಇಷ್ಟು ಜೋರಿಗೆ ಇಷ್ಟು ದೂರ, ಕೊನೆಗೆ ಇಷ್ಟು ಎಡಕ್ಕೆ. ಆದ್ದರಿಂದ ಗ್ಲೋ ಮಿಡ್‌ರೇಂಜನ್ನು ಹಗಲಲ್ಲೇ ಆಡಿ. ವಾರಗಟ್ಟಲೆ ಅದನ್ನೇ ಮುಖ್ಯ ಮಿಡ್‌ರೇಂಜ್ ಮಾಡಿಕೊಳ್ಳಿ. ಬಿಸಿಲಿಗೆ ಹೊಳಪು ಸವೆದುಹೋಗುತ್ತದೆಂಬ ಭಯ ಬೇಡ. ಸ್ಟ್ರಾಂಷಿಯಂ ಅಲ್ಯುಮಿನೇಟ್ ಎಷ್ಟು ಸಲ ಚಾರ್ಜ್ ಆದರೂ ಬಳಲುವ ಪುಡಿಯಲ್ಲ. ಅದಕ್ಕೆ ಶತ್ರು ನೀರು, ಪ್ಲಾಸ್ಟಿಕ್ಕಿನೊಳಗೆ ಹುದುಗಿರುವಾಗ ಆ ಕಾಟವೂ ಇಲ್ಲ.

ಇದಕ್ಕೆ ಎರಡು ಆಕ್ಷೇಪ ಬರುತ್ತವೆ. ಒಂದು, ಎಲ್‌ಇಡಿ ದೀಪ ಅಂಟಿಸಿದರೆ ಹಗಲಿನ ಡಿಸ್ಕೇ ಸಾಕಲ್ಲ ಎಂಬುದು. ಎತ್ತರದ ಹುಲ್ಲಿಗೆ ಬೀಳುವ ಡ್ರೈವರಿಗೆ ಇದು ಒಪ್ಪುವ ಮಾತು. ಮಿಡ್‌ರೇಂಜಿಗೆ ಅಲ್ಲ. ಒಂದೆರಡು ಗ್ರಾಂ ತೂಕ ನಡುವಿನಿಂದ ಸ್ವಲ್ಪ ಸರಿದು ಕೂತರೂ ಡಿಸ್ಕ್ ನಡುಗುತ್ತದೆ, ನಾವು ಇಷ್ಟು ಹೊತ್ತು ಕಾಪಾಡಿಕೊಂಡು ಬಂದ ಹಾರಾಟವೇ ಕೆಡುತ್ತದೆ. ಇನ್ನೊಂದು, ರಾತ್ರಿ ಆಟ ಮೋಜಿಗಲ್ಲವೇ, ಇಷ್ಟೊಂದು ಲೆಕ್ಕಾಚಾರ ಯಾಕೆ ಎಂಬುದು. ಮೋಜು ಇರಬೇಕು, ಒಪ್ಪಿದೆ. ಆದರೆ ಒಂಬತ್ತು ಬ್ಯಾಸ್ಕೆಟ್ಟಿನ ಆಟದಲ್ಲಿ ಅರ್ಧ ಹೊತ್ತು ಪೊದೆಯಲ್ಲಿ ಟಾರ್ಚ್ ಹಿಡಿದು ತಡಕಾಡಿದವರಿಗೆ ಆ ಮೋಜು ಎಷ್ಟು ಉಳಿದಿರುತ್ತದೆ? ಡಿಸ್ಕ್ ಅಂದುಕೊಂಡ ಕಡೆ ಹೋಗಿ, ಬ್ಯಾಸ್ಕೆಟ್ಟಿನ ಪಕ್ಕ ಬಿದ್ದು, ಐದು ಹೆಜ್ಜೆಯ ಪಟ್ ಮಾತ್ರ ಉಳಿದಾಗ ಸಿಗುವ ಖುಷಿ ಮೋಜಿನ ಆಟಗಾರನಿಗೂ ಬೇಕಾದದ್ದೇ.

ಸಂಗ್ರಹಕಾರರ ಮಾತನ್ನೂ ಹೇಳಬೇಕು. ಇಲಿನಾಯ್ ರಾಜ್ಯದ ಲೆಡ್ಜ್‌ಸ್ಟೋನ್ ಪಂದ್ಯಾವಳಿಗೆಂದು ಹೊರಬರುವ ವಿಶೇಷ ಮುದ್ರೆಯ ಗ್ಲೋ ಡಿಸ್ಕುಗಳಿಗೆ, ಮಿತ ಸಂಖ್ಯೆಯ ಮೂನ್‌ಶೈನ್ ಎಂಬ ಗ್ಲೋ ಪ್ಲಾಸ್ಟಿಕ್ಕಿನ ಕಂತುಗಳಿಗೆ ಕಾದು ಕೂರುವವರಿದ್ದಾರೆ. ಮುದ್ರೆಯ ಚೆಂದಕ್ಕೆ ಕೊಳ್ಳುವುದು ತಪ್ಪಲ್ಲ. ಆದರೆ ಗೋಡೆಗೆ ತೂಗುಹಾಕುವ ಡಿಸ್ಕಿನ ಬೆಲೆಯನ್ನು ನೋಡಿ ಎಸೆಯುವ ಡಿಸ್ಕನ್ನು ಆರಿಸಬಾರದು. ಅಪರೂಪದ ಡಿಸ್ಕ್ ಕಳೆದುಹೋದೀತೆಂಬ ಅಂಜಿಕೆಯಲ್ಲೇ ಎಷ್ಟೋ ಜನ ಅದನ್ನು ಮನಸಾರೆ ಎಸೆಯುವುದೇ ಇಲ್ಲ.

ಹಾಗಾದರೆ ಕೊಳ್ಳುವ ಕ್ರಮ ಇದು. ನಿಮ್ಮ ಹಗಲಿನ ಮಿಡ್‌ರೇಂಜ್ ಯಾವುದೋ ಅದೇ ಅಚ್ಚು, ಆದಷ್ಟು ಅದೇ ತೂಕ, ಅದಕ್ಕೆ ಹತ್ತಿರದ ಮೂಗಿನ ಎತ್ತರ ಮತ್ತು ನೆತ್ತಿಯ ಉಬ್ಬು, ನಿಮ್ಮ ಕೋರ್ಸಿಗೂ ಹವೆಗೂ ಹೊಂದುವ ಪ್ಲಾಸ್ಟಿಕ್, ಕೊನೆಗೆ ತಿಳಿಹಸಿರು. ಹಗಲಿನ ಮಿಡ್‌ರೇಂಜೇ ಓವರ್‌ಸ್ಟೇಬಲ್ ಆಗಿದ್ದರೆ, ಅಥವಾ ಇನ್ನೂ ಯಾವುದೂ ಕೈಗೆ ಕೂತಿರದಿದ್ದರೆ, ಬಜ್, ಮಾಕೊ3, ಆಕ್ಸಿಯಂ ಕಂಪನಿಯ ಹೆಕ್ಸ್‌ನಂಥ ನೇರ ಅಚ್ಚಿನಿಂದ ಶುರುಮಾಡಿ. ಉಳಿದ ಹಣ ಟಾರ್ಚಿಗೆ. ಈ ಕ್ರಮದಲ್ಲಿ ಕೊಂಡ ಡಿಸ್ಕ್ ಅಂಗಡಿಯ ಕತ್ತಲಲ್ಲಿ ಪಕ್ಕದ್ದಕ್ಕಿಂತ ಮಂಕಾಗಿ ಕಂಡರೆ ಕಾಣಲಿ. ನೀವು ಹಣ ಕೊಡುವುದು ಬ್ಯಾಸ್ಕೆಟ್ ಕಡೆಗೆ ಹೋಗುವ ಡಿಸ್ಕಿಗೆ, ಮತ್ತು ಆ ದಾರಿ ಗೊತ್ತಾಗುವುದು ಹಗಲಿನ ಎಸೆತಗಳಿಂದಲೇ.